ನೀರು ಕೇಳಿದ ಮನುಷ್ಯ

ನಮ್ಮ ಮನೆಯಲ್ಲಿ ಒಳ್ಳೆಯ ಸುದ್ದಿಯನ್ನು ಕಳವಿನ ಮಾಲಿನಂತೆ ಬಚ್ಚಿಡುತ್ತಿದ್ದರು. ಎಮ್ಮೆ ಚರಿಗೆ ತುಂಬ ಹಾಲು ಕೊಟ್ಟರೂ ‘ಏನ್ ಹಿಂಡ್ತದ, ಚಹಾಕ್ಕೂ ಸಾಲಂಗಿಲ್ಲ’ ಅನ್ನಬೇಕು. ಅಪ್ಪನ ಟಂಟಂ ಆಟೋ ಬೆಳಗಿನಿಂದ ಸಂಜೆಯವರೆಗೆ ಶಹಾಪುರಕ್ಕೂ ವಡಗೇರಾಕ್ಕೂ ಜನ ತುಂಬಿಕೊಂಡೇ ಓಡಿದ್ದರೂ ಓಣಿಯೊಳಗೆ ಬರುವಾಗ ಅವನು ಮುಖ ಇಳಿಬಿಟ್ಟುಕೊಂಡು ಬರಬೇಕು. ಕೂಸು ದುಂಡಗಿದೆ ಎಂದು ಯಾರಾದರೂ ಅಂದರೆ ಅದರ ತಾಯಿ ತಕ್ಷಣ ‘ನಿನ್ನಿಯಿಂದ ಹೊಟ್ಟಿ ಕೆಟ್ಟದ’ ಎಂದು ಒಂದು ರೋಗ ಹುಟ್ಟಿಸಬೇಕು. ಹೀಗೆ ಕಣ್ಣು ತಾಗುವುದನ್ನು ನಮ್ಮ ಕಡೆ ನದರ ಎನ್ನುತ್ತಾರೆ. ನರರ ಕಣ್ಣಿಗೆ ಮರ ಸಿಡಿಯುತ್ತದೆ ಎನ್ನುವ ಗಾದೆ ಎಲ್ಲ ಮನೆಯಲ್ಲೂ ಇದೆ. ಆದರೆ ಬೇರೆಯವರು ಆಡುತ್ತಿದ್ದುದು ರೂಢಿಗೆ, ನಮ್ಮ ಆಯಿ ಆಡುತ್ತಿದ್ದುದು ಜೀವಭಯಕ್ಕೆ.

ಆಯಿ ಎಂದರೆ ಅಪ್ಪನ ತಾಯಿ. ಆಕೆಗೆ ಅಪ್ಪನಿಗಿಂತ ಹಿರಿಯಳಾದ ಒಬ್ಬ ಮಗಳಿದ್ದಳು, ನಾನು ಕಣ್ಣಿಂದ ನೋಡದ ಅತ್ತೆ. ಹತ್ತನೆಯ ತರಗತಿಯಲ್ಲಿ ಊರಿಗೇ ಮೊದಲು ಬಂದಳಂತೆ. ಆಯಿಯ ಗಂಡ, ನಮ್ಮ ಮುತ್ಯಾ, ಓಣಿಗೆಲ್ಲ ಪೇಢೆ ಹಂಚಿದನಂತೆ, ಪೇಪರಿನಲ್ಲಿ ಫೋಟೋ ಬಂದಿತಂತೆ, ಮನೆಗೆ ಬಂದವರಿಗೆಲ್ಲ ಮಗಳನ್ನು ಹೊರಗೆ ಕರೆದು ತೋರಿಸಿದನಂತೆ. ಆ ಮಳೆಗಾಲ ಮುಗಿಯುವುದರೊಳಗೆ ಕಾಮಾಲೆಯಾಗಿ ಅವಳು ಹೋಗಿಬಿಟ್ಟಳು. ನೀರು ಕೆಟ್ಟದ್ದೇ ಕಾರಣ ಎಂದರು ಡಾಕ್ಟರು. ಆಯಿ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನೀರು ಓಣಿಯವರೆಲ್ಲ ಕುಡಿದದ್ದು, ಫೋಟೋ ಬಂದದ್ದು ತನ್ನ ಮಗಳದೊಂದೇ ಎನ್ನುವುದು ಆಕೆಯ ತರ್ಕ. ಇಷ್ಟು ಪುಸ್ತಕ ಓದಿದ ಮೇಲೂ ಆ ತರ್ಕವನ್ನು ಮುರಿಯಲು ನನಗೆ ಆಗಿಲ್ಲ. ನಾನು ಆ ಅತ್ತೆಯ ಪಡಿಯಚ್ಚು ಎಂದು ಬಂಧುಗಳು ಹೇಳುತ್ತಿದ್ದರು. ಯಾರಾದರೂ ಹಾಗೆಂದ ಕೂಡಲೇ ಆಯಿ ಏನಾದರೊಂದು ನೆಪ ತೆಗೆದು ನನ್ನನ್ನು ಒಳಗೆ ಕಳಿಸುತ್ತಿದ್ದಳು.

ಹೀಗಾಗಿ ಓಣಿಯ ಲೆಕ್ಕದಲ್ಲಿ ನಾನು ದಡ್ಡಿ. ಪಿಯುಸಿಯ ಪ್ರತಿ ಪರೀಕ್ಷೆಯಲ್ಲೂ ಕಾಲೇಜಿಗೆ ಮೊದಲಿಗಳಾಗುತ್ತಿದ್ದ ಹುಡುಗಿಯನ್ನು ಆಯಿ ಎರಡು ವರ್ಷ ಪಟ್ಟುಹಿಡಿದು ದಡ್ಡಿ ಮಾಡಿದ್ದಳು. ಯಾರು ಕೇಳಿದರೂ ಅದೇ ಉತ್ತರ, ‘ಅಷ್ಟಕ್ಕಷ್ಟರಿ, ದೇವರು ದಂಡಿಗಿ ಹಚ್ಚಿದ್ರ ಸಾಕು.’ ಪಕ್ಕದ ಮನೆಯ ಖಾಲಾ, ಜಂಪರು ಹೊಲಿಯುವಾಕೆ, ನನ್ನ ಮೇಲೆ ಮರುಕಪಟ್ಟು, ಓದು ತಲೆಗೆ ಹತ್ತದಿದ್ದರೆ ಹೊಲಿಗೆ ಕಲಿಸುತ್ತೇನೆ ಎಂದು ಕರೆದಿದ್ದಳು. ನಾನು ಒಳಗೆ ಹೋಗಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕೆ. ಅವ್ವನೂ ನಕ್ಕಳು. ಆಯಿ ಮಾತ್ರ ನಗಲಿಲ್ಲ.

ಮೊದಲು ಸ್ಕಾಲರ್‌ಶಿಪ್ಪಿನ ಮಾತು ತೆಗೆದವರು ನಮ್ಮ ಅರ್ಥಶಾಸ್ತ್ರದ ಮೇಡಂ. ಮೈಸೂರು ಕಡೆಯವರು, ನಮ್ಮ ಭಾಷೆ ಕೇಳಿ ಮೊದಮೊದಲು ಎಲ್ಲರೂ ತಮ್ಮನ್ನು ಬಯ್ಯುತ್ತಿದ್ದಾರೆ ಎಂದುಕೊಂಡಿದ್ದವರು. ದೂರದ ಒಂದು ನಗರದ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಆನರ್ಸ್ ಇದೆ, ಅದರ ಸೀಟು ಸಿಗುವುದೇ ಕಷ್ಟ, ಸಿಕ್ಕಿದರೂ ನಮ್ಮಂಥವರು ಅಲ್ಲಿಯ ಫೀಸಿನ ಹತ್ತಿರ ಸುಳಿಯುವಂತಿಲ್ಲ. ಆದರೆ ಒಂದು ಸಂಸ್ಥೆ ನಮ್ಮ ಭಾಗದ ಒಂದು ಮಗುವನ್ನು ಆರಿಸಿ ಫೀಸು, ಹಾಸ್ಟೆಲು, ಊಟ, ಪುಸ್ತಕ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ. ಸ್ಕಾಲರ್‌ಶಿಪ್ಪು ಸಿಕ್ಕರೆ ಸೀಟು ಉಳಿಯಿತು, ಸಿಗದಿದ್ದರೆ ಸೀಟಿಗೂ ಅರ್ಥವಿಲ್ಲ. ನನಗೆ ಅರ್ಥಶಾಸ್ತ್ರದ ಹುಚ್ಚು ಹಿಡಿದಿತ್ತು. ಹತ್ತಿ ಬೆಳೆದವನಿಗಿಂತ ಹತ್ತಿ ತೂಗಿದವನು ಯಾಕೆ ಯಾವಾಗಲೂ ಗಟ್ಟಿ ಎನ್ನುವುದಕ್ಕೆ ಆ ಪುಸ್ತಕಗಳಲ್ಲಿ ಎಲ್ಲೋ ಉತ್ತರ ಇದೆ ಎಂದು ನಂಬಿದ್ದೆ. ನನ್ನ ಸಾಧ್ಯತೆ ಎಷ್ಟು ಎಂದು ಮೇಡಂ ಅವರನ್ನು ಕೇಳಿದಾಗ, “ನಿನಗೆ ಸಿಗದಿದ್ದರೆ ಇನ್ಯಾರಿಗೂ ಸಿಗಲ್ಲ ಕಣಮ್ಮ” ಎಂದರು. ಆ ಮಾತು ಕೇಳಿ ನನ್ನ ಎದೆಯಲ್ಲಿ ಏನೋ ಚಳಕ್ ಎಂದಿತು. ಸಂತೋಷವೇ ಇರಬೇಕು ಎಂದುಕೊಂಡೆ. ಈಗ ಯೋಚಿಸಿದರೆ ಅದು ಆಯಿ ನನ್ನೊಳಗೆ ಸೇರಿಕೊಂಡು ಕೂತಿದ್ದ ಲಕ್ಷಣ.

ನಾನು, ಅವ್ವ ಕೂಡಿ ಅಪ್ಪನಿಗೆ ಹೇಳಿದೆವು. ಅಪ್ಪ ಟಂಟಂನ ಸೀಟು ಒರೆಸುತ್ತ ಪೂರ್ತಿ ಕೇಳಿಸಿಕೊಂಡ. ಸುರಪುರದ ಒಂದು ಮನೆಯವರು ಆಗಲೇ ತಮ್ಮ ಮಗನಿಗೆ ನನ್ನನ್ನು ಕೇಳಿದ್ದರು. ಒಳ್ಳೆಯ ಮನೆ, ಹುಡುಗನಿಗೆ ಕಿರಾಣಿ ಅಂಗಡಿ, ಬೇಡವೆನ್ನಲು ಅಪ್ಪನ ಬಳಿ ಕಾರಣವಿರಲಿಲ್ಲ.

“ಸೀಟು, ಸ್ಕಾಲರ್‌ಶಿಪ್ಪು ಎರಡೂ ಸಿಕ್ಕವಂದ್ರ ಹೋಗು, ನಾ ತಡಿಯಂಗಿಲ್ಲ. ಸಿಗಲಿಲ್ಲಂದ್ರ ಸುರಪುರದವ್ರಿಗಿ ಬರ್ರಿ ಅಂತೀನಿ. ಆವಾಗ ನೀ ಮಾರಿ ತಿರುವಬಾರದು,” ಎಂದ.

ನಾನು ಹೂಂ ಎಂದೆ. ಅಪ್ಪ ಮಾತಿಗೆ ತಪ್ಪುವವನಲ್ಲ. ನನ್ನ ಧೈರ್ಯಕ್ಕೂ ಹೆದರಿಕೆಗೂ ಅದೊಂದೇ ಕಾರಣ.

ಆಯಿ ಒಂದೇ ಷರತ್ತು ಹಾಕಿದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು, ಕೆಲಸ ಆಗುವ ತನಕ ಈ ಮಾತು ಹೊಸ್ತಿಲು ದಾಟಬಾರದು. ಯಾದಗಿರಿಯಲ್ಲಿ ಪ್ರವೇಶ ಪರೀಕ್ಷೆ ಇದ್ದ ದಿನ ಓಣಿಯವರಿಗೆ ನಾವು ಅಬ್ಬೆತುಮಕೂರಿನ ಮಠಕ್ಕೆ ಹೊರಟವರು. ಆಯಿ ಬಾಗಿಲಲ್ಲಿ ನಿಂತು, ಮೊಮ್ಮಗಳಿಗೆ ಮೈಯಲ್ಲಿ ಆರಾಮಿಲ್ಲ, ಹರಕೆ ಇದೆ ಎಂದು ದೊಡ್ಡದಾಗಿ ಹೇಳಿ ಕಳಿಸಿದಳು. ಭೀಮಾ ನದಿಯ ಸೇತುವೆ ದಾಟುವಾಗ ಅಪ್ಪ ಟಂಟಂ ನಿಧಾನ ಮಾಡಿ ನದಿಗೆ ಕೈ ಮುಗಿದ. ಪರೀಕ್ಷೆ ಮುಗಿಸಿ ನಾನು ಹೊರಗೆ ಬಂದಾಗ, ಹೇಗಾಯಿತು ಎಂದು ಕೇಳುವ ಬದಲು, ಈಗ ಮಠಕ್ಕೆ ಹೋಗಲೇಬೇಕು, ದೇವರ ಹೆಸರಲ್ಲಿ ಸುಳ್ಳು ಹೇಳಿ ಬಂದಿದ್ದೇವೆ ಎಂದ. ಮಠದಲ್ಲಿ ಊಟ ಮಾಡಿ, ಗದ್ದುಗೆಗೆ ತಲೆಯಿಟ್ಟು, ಸುಳ್ಳನ್ನು ನಿಜ ಮಾಡಿಕೊಂಡು ಮನೆಗೆ ಬಂದೆವು. ನನಗೆ ಆಗಲೂ ನಗುವೇ ಬಂದಿತ್ತು.

ಪರೀಕ್ಷೆಯಲ್ಲಿ ಆಯ್ಕೆಯಾದೆ. ಆಮೇಲೆ ಸ್ಕಾಲರ್‌ಶಿಪ್ಪಿನ ಸಂಸ್ಥೆಯವರಿಂದ ಫೋನಿನಲ್ಲಿ ಸಂದರ್ಶನ. ಮನೆಯಲ್ಲಿ ಕೂತು ಇಂಗ್ಲಿಷ್ ಮಾತಾಡಿದರೆ ಗೋಡೆಯಾಚೆ ಖಾಲಾಗೆ ಕೇಳುತ್ತದೆ. ಆದ್ದರಿಂದ ಅಪ್ಪ ನನ್ನನ್ನು ವನದುರ್ಗದ ದಾರಿಗೆ ಕರೆದೊಯ್ದು ಕೋಟೆ ಕಾಣುವ ಕಡೆ ಒಂದು ಬೇವಿನ ಮರದ ಕೆಳಗೆ ಟಂಟಂ ನಿಲ್ಲಿಸಿ, ತಾನು ದೂರ ಹೋಗಿ ಬೆನ್ನು ತಿರುಗಿಸಿ ನಿಂತ. ಹಿಂದಿನ ಸೀಟಿನಲ್ಲಿ ಕೂತು ನಾನು ಹತ್ತಿಯ ತೂಕದ ಬಗ್ಗೆ ಮಾತಾಡಿದೆ. ಆ ಕಡೆಯವರು ನಕ್ಕರು, ಇನ್ನಷ್ಟು ಕೇಳಿದರು, ಕೊನೆಗೆ ಚೆನ್ನಾಗಿ ಮಾತಾಡಿದೆ ಎಂದರು. ಇನ್ನು ಉಳಿದಿರುವುದು ಒಂದೇ ಹಂತ. ಅವರ ಕಡೆಯವರೊಬ್ಬರು ಹೇಳದೆ ಕೇಳದೆ ನಮ್ಮ ಮನೆಗೆ ಬರುತ್ತಾರೆ. ಮನೆಯವರಿಗೆ ಹುಡುಗಿಯನ್ನು ಕಳಿಸುವ ಮನಸ್ಸು ನಿಜವಾಗಿಯೂ ಇದೆಯೇ, ಅರ್ಧದಲ್ಲಿ ಕರೆಸಿಕೊಂಡು ಮದುವೆ ಮಾಡಿಬಿಡುತ್ತಾರೆಯೇ ಎಂದು ತಿಳಿದುಕೊಳ್ಳುತ್ತಾರೆ. ಹಿಂದೆ ಹಾಗಾಗಿ ಕೆಲವು ಸೀಟು ಹಾಳಾಗಿದ್ದವಂತೆ. ಅವರ ಹೆದರಿಕೆಯಲ್ಲಿ ತಪ್ಪೇನೂ ಇರಲಿಲ್ಲ ಎಂದು ನನಗೆ ಇವತ್ತು ಅನ್ನಿಸುತ್ತದೆ. ಅವತ್ತು ಅನ್ನಿಸಿರಲಿಲ್ಲ.

ಅದು ಬೇಸಿಗೆ. ಶಹಾಪುರದ ಬಿಸಿಲು ಹೇಳುವುದೇ ಬೇಡ, ಊರ ಬೆನ್ನಿಗಿರುವ ಗುಡ್ಡದ ಕಲ್ಲು ಸಂಜೆಯಾದ ಮೇಲೂ ಕಾವು ಉಗುಳುತ್ತಿತ್ತು. ಅವ್ವ, ಆಯಿ ಇಬ್ಬರೂ ಬಸ್ ಸ್ಟ್ಯಾಂಡಿನ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವರು, ಒಲೆಯ ಮುಂದೆ ಅವರ ಮುಖ ಕೆಂಪಾಗಿರುತ್ತಿತ್ತು. ನಾನು ಕಟ್ಟೆಯ ಮೇಲೆ ಕೂತು ಓಣಿಯ ಬಾಯಿಯನ್ನೇ ನೋಡುತ್ತಿದ್ದೆ. ಯಾರೇ ಅಪರಿಚಿತರು ಬಂದರೂ ಎದ್ದು ನಿಲ್ಲುವುದೇ ಕೆಲಸ. ಮೀಟರು ನೋಡಲು ಬಂದವನಿಗೆ ನಾನು ಕುರ್ಚಿ ಹಾಕಿ ಕೂರಿಸಿದ್ದೆ. ಪಾತ್ರೆ ಮಾರುವವನು ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳಿದಾಗ ನಾನು ಓದಿನ ಬಗ್ಗೆ ಹೇಳತೊಡಗಿದೆ, ಅವನು ಹೆದರಿ ಎದ್ದು ಹೋದ.

ನಡುವೆ ಪಿಯುಸಿ ಫಲಿತಾಂಶ ಬಂತು, ನಾನು ಕಾಲೇಜಿಗೆ ಮೊದಲು. ಪ್ರತಿ ವರ್ಷದಂತೆ ಕಾಲೇಜಿನವರು ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಕಟ್ಟಿಸಲು ನನ್ನ ಫೋಟೋ ಕೇಳಿದರು. ಆಯಿ ಆ ದಿನ ಅನ್ನ ಮುಟ್ಟಲಿಲ್ಲ. ಕೊನೆಗೆ ಅಪ್ಪ ಪ್ರಿನ್ಸಿಪಾಲರ ಹತ್ತಿರ ಹೋಗಿ, ನಮ್ಮ ಹುಡುಗಿಯ ಫೋಟೋ ಒಂದು ಬಿಟ್ಟುಬಿಡಿ ಎಂದು ಕೈಮುಗಿದ. ಮಗಳ ಫೋಟೋ ದೊಡ್ಡದು ಮಾಡಿಸಿ ಎಂದು ಜಗಳ ತೆಗೆಯುವವರನ್ನು ಅವರು ಕಂಡಿದ್ದರು, ತೆಗೆಸಿ ಎನ್ನುವವನನ್ನು ಅದೇ ಮೊದಲ ಸಲ ಕಂಡದ್ದಂತೆ. ಫ್ಲೆಕ್ಸ್ ಮೇಲೆ ಎರಡನೆಯವಳೂ ಮೂರನೆಯವನೂ ನಗುತ್ತ ನಿಂತರು. ಓಣಿಗೆ ಆಯಿ, ಹೆಂಗೋ ಪಾಸಾದಳು ಎಂದು ಸುದ್ದಿ ಕೊಟ್ಟಳು. ಇನ್ನು ಮುಂದೆ ಓದಿಸುವುದಿಲ್ಲ, ಗಂಡು ನೋಡುತ್ತಿದ್ದೇವೆ ಎಂಬ ಬಾಲವನ್ನೂ ತಾನೇ ಸೇರಿಸಿದಳು. ದೂರದೂರಿಗೆ ಹೋಗುವ ಹುಡುಗಿಯ ಮೇಲೆ ಕಣ್ಣು ಬೀಳುತ್ತದೆ, ಮದುವೆಯಾಗುವ ಹುಡುಗಿಯನ್ನು ಯಾರು ನೋಡುತ್ತಾರೆ ಎನ್ನುವುದು ಆಕೆಯ ಹಂಚಿಕೆ.

ಮನೆಗೆ ಒಬ್ಬರು ಬರುತ್ತಾರೆ, ಅವರ ಮುಂದೆ ಮಾತ್ರ ನಿಜ ಹೇಳಬೇಕು ಎಂದು ಅವ್ವ ಆಯಿಗೆ ತಿಳಿಸಿ ಹೇಳಿದ್ದಳು. ಆಯಿ ಒಪ್ಪಿದ್ದಳು. ದೊಡ್ಡ ಮನುಷ್ಯರು ಎಂದರೆ ಜೀಪಿನಲ್ಲೋ ಕಾರಿನಲ್ಲೋ ಬರುತ್ತಾರೆ, ಬಂದವರು ತಮ್ಮ ಹೆಸರು, ಆಫೀಸು ಹೇಳಿಯೇ ಕೂರುತ್ತಾರೆ ಎಂದು ಆಕೆ ತಿಳಿದಿದ್ದಳು. ನಾವೂ ಹಾಗೆಯೇ ತಿಳಿದಿದ್ದೆವು.

ಆ ದಿನ ನಾನು, ಅವ್ವ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆವು. ಕರೆಂಟು ಹೋಯಿತು. ಬಂದೀತು ಬಂದೀತು ಎಂದು ಕಾದು, ಹಿಟ್ಟು ಹೊತ್ತುಕೊಂಡು ಮನೆಗೆ ಬರುವಾಗ ಮಧ್ಯಾಹ್ನ ಇಳಿದಿತ್ತು. ಆಯಿ ಒಲೆ ಆರಿಸಿ ಗಾಳಿಗೆ ಕೂತಿದ್ದಳು. ಬಾಗಿಲ ಬಳಿ ತಿಂದಿಟ್ಟ ತಾಟು, ನೀರಿನ ಚರಿಗೆ ಇದ್ದವು. ಯಾರು ಬಂದಿದ್ದರು ಎಂದು ಅವ್ವ ಕೇಳಿದಳು.

“ಯಾವನೋ ಒಬ್ಬಾಂವ. ಬಿಸಲಾಗ ನಡಕೋತ ಬಂದಿದ್ದ ಪಾಪ. ನೀರು ಕೇಳಿದ, ಕೊಟ್ಟೆ. ಮಾರಿ ಬಾಡಿತ್ತು, ರೊಟ್ಟಿ ಪಲ್ಯಾನೂ ಹಾಕ್ದೆ,” ಎಂದಳು ಆಯಿ.

ನನ್ನ ಕೈಯಲ್ಲಿದ್ದ ಹಿಟ್ಟಿನ ಡಬ್ಬಿಯನ್ನು ಎಲ್ಲಿ ಇಟ್ಟೆನೋ ನೆನಪಿಲ್ಲ. ಅವನು ಏನು ಕೇಳಿದ ಎಂದೆ.

“ಮನ್ಯಾಗ ಯಾರ್ಯಾರ ಅದೀರಿ ಅಂದ. ಮೊಮ್ಮಗಳು ಏನ್ ಮಾಡ್ತಾಳ ಅಂದ. ಎಲ್ಲಾರಿಗಿ ಹೇಳಿದಂಗ ಹೇಳ್ದೆ. ಅಷ್ಟಕ್ಕಷ್ಟ ಇದ್ಲು, ಓದು ಮುಗೀತ್ರಿ, ಗಂಡ ನೋಡಾಕತ್ತೀವಿ, ಈ ವರ್ಷ ಕೊಟ್ಟುಬಿಡ್ತೀವಿ ಅಂದೆ.”

ಹೇಳುತ್ತ ಹೇಳುತ್ತಲೇ ಆಕೆಗೆ ಗೊತ್ತಾಯಿತು. ಕೈಯಲ್ಲಿದ್ದ ಬೀಸಣಿಗೆ ನಿಂತಿತು. ನಾನು ಓಣಿಯ ತುದಿಯವರೆಗೆ ಓಡಿದೆ, ಅಲ್ಲಿಂದ ರಸ್ತೆಯವರೆಗೆ. ರಸ್ತೆಯಲ್ಲಿ ಸುರಪುರದ ಬಸ್ಸೊಂದು ಧೂಳೆಬ್ಬಿಸುತ್ತ ಹೋಯಿತು, ಅಷ್ಟೇ.

ಹಿಂದಿರುಗುವಾಗ ಖಾಲಾ ತನ್ನ ಬಾಗಿಲಲ್ಲಿ ನಿಂತಿದ್ದಳು. ಅವನು ಅವಳನ್ನೂ ಕೇಳಿದ್ದ. ಅದರಾಚೆ ಮನೆಯವರನ್ನೂ, ಮೂಲೆಯ ಪಾನ್ ಅಂಗಡಿಯವನನ್ನೂ ಕೇಳಿದ್ದ. ಎಲ್ಲರೂ ಒಂದೇ ಮಾತು ಹೇಳಿದ್ದರು, ಯಾಕೆಂದರೆ ಎಲ್ಲರಿಗೂ ಅದನ್ನು ಕಲಿಸಿದವಳು ಒಬ್ಬಳೇ. ಒಂದು ಇಡೀ ಓಣಿ ಕೂಡಿ ಪ್ರಾಮಾಣಿಕವಾಗಿ ನನ್ನ ವಿರುದ್ಧ ಸಾಕ್ಷಿ ಹೇಳಿತ್ತು. ನಾನು ಅಳುತ್ತ ಖಾಲಾಗೆ ನಿಜ ಹೇಳಿದೆ, ಪರೀಕ್ಷೆ, ಫೋನು, ಸೀಟು ಎಲ್ಲವನ್ನೂ.

“ನಮ್ಮ ನದರ ಅಷ್ಟ ಕೆಟ್ಟದ ಏನ ಬೇಟಿ? ನಿನಗ ಎತ್ತಿ ಆಡಿಸಿದಾಕಿ ನಾ,” ಎಂದು ಒಳಗೆ ಹೋದಳು. ಅವಳ ಹೊಲಿಗೆ ಯಂತ್ರದ ಸದ್ದು ಆ ದಿನ ಮತ್ತೆ ಕೇಳಲಿಲ್ಲ.

ಮೇಡಂ ಆ ಸಂಸ್ಥೆಗೆ ಫೋನು ಹಚ್ಚಿದರು. ನೀರು ಕೇಳಿದವನು ಅವರ ಕಡೆಯವನೇ. ಗುರುತು ಹೇಳಿಕೊಂಡು ಹೋದರೆ ಎಲ್ಲರೂ ಚೆಂದದ ಉತ್ತರ ಕೊಡುತ್ತಾರೆ, ಅದಕ್ಕೇ ಹೀಗೆ ಕಳಿಸುತ್ತೇವೆ ಎಂದರಂತೆ. ಹುಡುಗಿಯ ಅಂಕಗಳ ಬಗ್ಗೆ ಅವರಿಗೆ ಅನುಮಾನವಿಲ್ಲ. ಕಳಿಸುವ ಮನಸ್ಸು ಮನೆಯಲ್ಲಿ ಇಲ್ಲ, ಮದುವೆ ಹತ್ತಿರದಲ್ಲಿದೆ ಎಂದು ಅಜ್ಜಿಯ ಬಾಯಿಂದಲೇ ಬಂದಿದೆ. ಮೇಡಂ ಆ ಸಂಸ್ಥೆಯವರಿಗೆ ನದರದ ಕಥೆ ಬಿಡಿಸಿ ಹೇಳಿದರು. ಅವರು ನಂಬಿದರೋ ಇಲ್ಲವೋ, ಅಜ್ಜಿಯ ಹತ್ತಿರವೇ ಒಮ್ಮೆ ಮಾತಾಡುತ್ತೇವೆ, ಅವರೇ ಕಳಿಸುತ್ತೇವೆ ಎಂದರೆ ಸಾಕು ಎಂದರು. ನನಗೆ ಹೋದ ಜೀವ ಬಂದಂತಾಯಿತು. ಒಂದು ಮಾತು. ಆಯಿ ಒಂದು ಮಾತು ಹೇಳಿದರೆ ಸಾಕು.

ಫೋನು ಬರುವ ದಿನ ಬೆಳಿಗ್ಗೆ ಆಯಿ ತಲೆಗೆ ಎರೆದುಕೊಂಡು, ಒಗೆದ ಸೀರೆ ಉಟ್ಟು ಮೇಡಂ ಅವರ ಬಾಡಿಗೆ ಮನೆಗೆ ಬಂದಳು. ದಾರಿಯಲ್ಲಿ ಅಪ್ಪ ಆಕೆಗೆ ಮಾತನ್ನು ಮತ್ತೆ ಮತ್ತೆ ಹೇಳಿಕೊಟ್ಟ. ನಮ್ಮ ಹುಡುಗಿ ಶಾಣ್ಯಾಕಿ, ನಾವು ಕಳಿಸುತ್ತೇವೆ, ಮದುವೆ ಮಾಡುವುದಿಲ್ಲ. ಆಯಿ ಪ್ರತಿ ಸಲ ತಲೆ ಆಡಿಸಿದಳು. ಆದರೆ ಬಾಯಿ ಬಿಟ್ಟು ಒಮ್ಮೆಯೂ ಹೇಳಿ ನೋಡಲಿಲ್ಲ. ಅದನ್ನು ನಾನು ಗಮನಿಸಿದೆ.

ಮೇಡಂ ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದರು. ಆ ಕಡೆ ಒಬ್ಬ ಹೆಣ್ಣುಮಗಳು, ಮೆತ್ತಗಿನ ದನಿ. ಮೊದಲು ಆಯಿಯ ಆರೋಗ್ಯ ವಿಚಾರಿಸಿದರು. ತಮ್ಮವನಿಗೆ ಬಿಸಿಲಲ್ಲಿ ಊಟ ಹಾಕಿದ್ದಕ್ಕೆ ಉಪಕಾರ ನೆನೆದರು. ಆಮೇಲೆ, ಮೊಮ್ಮಗಳು ಓದಿನಲ್ಲಿ ಹೇಗಿದ್ದಾಳೆ ಎಂದು ಕೇಳಿದರು.

ಆಯಿ ನನ್ನನ್ನು ನೋಡಿದಳು. ನನ್ನನ್ನು ಎಂದರೆ, ನನ್ನ ಮುಖವನ್ನು, ಆಮೇಲೆ ನನ್ನ ಕಣ್ಣಿನ ಬಿಳಿಯನ್ನು, ಅದು ಹಳದಿಯಾಗಿದೆಯೇ ಎಂದು ನೋಡುವವಳ ಹಾಗೆ. ಆಕೆಯ ತುಟಿಗಳು ಅಲ್ಲಾಡಿದವು.

“ಅಷ್ಟಕ್ಕಷ್ಟರಿ,” ಎಂದಳು.

ಅಪ್ಪ ಆಕೆಯ ಭುಜ ಹಿಡಿದ. ಆ ಕಡೆಯ ಹೆಣ್ಣುಮಗಳು ಬೇಸರಿಸಲಿಲ್ಲ. “ಸರಿ ಅಮ್ಮಾ. ಸ್ಕಾಲರ್‌ಶಿಪ್ಪು ಕೊಟ್ಟರೆ ಕಳಿಸುತ್ತೀರಾ?” ಎಂದು ಇನ್ನೂ ಮೆತ್ತಗೆ ಕೇಳಿದರು.

“ನೋಡೋಣ್ರಿ. ದೇವರು ಹ್ಯಾಂಗ ನಡಸ್ತಾನ ಹಂಗ.”

ಇನ್ನೂ ಆಗದ ಕೆಲಸವನ್ನು ಆಗುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಿದವರಲ್ಲ. ನೋಡೋಣ ಎನ್ನುವುದೇ ನಮ್ಮಲ್ಲಿ ಹೂಂ ಎನ್ನುವುದರ ಕೊನೆಯ ಮೆಟ್ಟಿಲು. ಅಪ್ಪನಿಗೆ ಅದು ಗೊತ್ತು, ನನಗೆ ಗೊತ್ತು. ಆ ಹೆಣ್ಣುಮಗಳಿಗೆ ಹೇಗೆ ಗೊತ್ತಾಗಬೇಕು? ಅಪ್ಪ ಫೋನಿನ ಕಡೆ ಬಾಗಿ ಗಡಬಡಿಸಿ ಮಾತಾಡಿದ, ನಾವು ಕಳಿಸುತ್ತೇವೆ, ನಮ್ಮವ್ವ ಹಳೆಯ ಕಾಲದವಳು ಎಂದ. ಗಂಡಸು ಅವಸರದಲ್ಲಿ ಆಡಿದ ಮಾತು ಹೇಳಿಕೊಟ್ಟದ್ದರಂತೆ ಕೇಳಿಸಿತು. ಆ ಕಡೆಯವರು, ಸಮಿತಿಯ ಮುಂದೆ ಇಡುತ್ತೇವೆ ಎಂದು ಫೋನು ಇಟ್ಟರು. ಮೇಡಂ ಎದ್ದು ಕಿಟಕಿಯ ಕಡೆ ಹೋದರು. ನಾನು ಆಯಿಯ ಮೇಲೆ ಕಿರುಚಿದೆ. ಏನೇನು ಅಂದೆನೋ ಬರೆಯುವುದಿಲ್ಲ, ಅಂದದ್ದಕ್ಕೆ ನನಗೆ ಪಶ್ಚಾತ್ತಾಪವೂ ಇಲ್ಲ. ಆಯಿ ಸೆರಗು ಹೊದ್ದುಕೊಂಡು ಎಲ್ಲವನ್ನೂ ಕೇಳಿಸಿಕೊಂಡಳು.

ಆಮೇಲೆ ಉತ್ತರಕ್ಕೆ ಕಾಯುವ ದಿನಗಳು. ಅಪ್ಪ ಫೋನನ್ನು ಟಂಟಂನ ಸ್ಟೇರಿಂಗಿನ ಮುಂದೆ ಕಟ್ಟಿಕೊಂಡು ಓಡಿಸುತ್ತಿದ್ದ. ಅವ್ವ ಬಡಿದ ರೊಟ್ಟಿ ಕರಕಾಗಿ ಖಾನಾವಳಿಯವರು ವಾಪಸು ಕಳಿಸಿದರು. ನಾನು ಸುಮ್ಮನೆ ಪುಸ್ತಕ ತೆರೆದಿಟ್ಟುಕೊಂಡು ಕೂತಿರುತ್ತಿದ್ದೆ. ಸುರಪುರದಿಂದ ಒಂದು ಫೋನು ಬಂತು, ಅಪ್ಪ ಹೊರಗೆ ಹೋಗಿ ಮಾತಾಡಿ ಬಂದ. ಏನೆಂದರು ಎಂದು ನಾನು ಕೇಳಲಿಲ್ಲ.

ಒಂದು ಸಂಜೆ ಮೇಡಂ ತಾವೇ ನಮ್ಮ ಮನೆ ಹುಡುಕಿಕೊಂಡು ಬಂದರು. ಅವರು ಚಪ್ಪಲಿ ಬಿಡುವ ರೀತಿಯಲ್ಲೇ ನನಗೆ ತಿಳಿಯಿತು. ಸ್ಕಾಲರ್‌ಶಿಪ್ಪು ಬೇರೆ ಜಿಲ್ಲೆಯ ಇನ್ನೊಬ್ಬ ಹುಡುಗಿಗೆ ಹೋಗಿತ್ತು. ಅಂಕದಲ್ಲಿ ನನಗಿಂತ ಹಿಂದೆ ಇದ್ದವಳು, ಆದರೆ ಅವಳ ಮನೆಯವರೆಲ್ಲ ಬಾಗಿಲಲ್ಲಿ ನಿಂತು ಕಳಿಸುತ್ತೇವೆ ಎಂದಿದ್ದರಂತೆ. ಇಲ್ಲಿಯೇ ಓದು, ಎಲ್ಲಿದ್ದರೂ ನೀನು ಓದುವವಳೇ ಎಂದು ಮೇಡಂ ನನ್ನ ಕೈ ಹಿಡಿದುಕೊಂಡರು. ಅವ್ವ ಅತ್ತಳು. ಅಪ್ಪ ಹೊರಗೆ ಹೋದ.

ನಾನು ಆಯಿಯನ್ನು ನೋಡಿದೆ. ಆಕೆ ದೇವರ ಮುಂದೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಆಕೆಯ ಮುಖದಲ್ಲಿ ದುಃಖ ಹುಡುಕಿದೆ, ಇತ್ತು. ಆದರೆ ಅದರ ಕೆಳಗೆ ಇನ್ನೊಂದು ಇತ್ತು, ಬಹಳ ದಿನದಿಂದ ಹೊತ್ತ ಹೊರೆ ಇಳಿಸಿದವಳ ನಿರಾಳ. ಎಷ್ಟೋ ವಾರಗಳ ಮೇಲೆ ಆಕೆ ಆ ದಿನ ಹೊಟ್ಟೆ ತುಂಬ ಉಂಡಳು. ನನಗೆ ಆಕೆಯ ಮೇಲೆ ಬಂದ ಸಿಟ್ಟಿನಲ್ಲಿ ಅದನ್ನು ಮಾತ್ರ ಇನ್ನೂ ಕ್ಷಮಿಸಲು ಆಗಿಲ್ಲ.

ಅಪ್ಪ ಮಾತಿಗೆ ತಪ್ಪಲಿಲ್ಲ, ನಾನೂ ಮುಖ ತಿರುವಲಿಲ್ಲ. ಮಳೆ ಹಿಡಿಯುವ ಮೊದಲು ಸುರಪುರದವರು ನೋಡಲು ಬಂದರು. ಈಗ ನಾನು ಆ ಊರಿನಲ್ಲೇ ಇದ್ದೇನೆ. ಕಿರಾಣಿ ಅಂಗಡಿಯ ಲೆಕ್ಕ ನೋಡಿಕೊಂಡೇ ಅಲ್ಲಿಯ ಕಾಲೇಜಿನಲ್ಲಿ ಪದವಿ ಮುಗಿಸಿದೆ, ಒಳ್ಳೆಯ ಜನರ ನಡುವೆ ಇದ್ದೇನೆ, ದೂರುವಂಥದ್ದು ಏನೂ ಇಲ್ಲ. ಹೇಳಬೇಕಾದದ್ದು ಆ ನೋಡುವ ದಿನದ್ದು.

ಜಮಖಾನೆ ಹಾಸಿತ್ತು. ಹುಡುಗನ ತಾಯಿ, ತಂದೆ, ಸೋದರಮಾವ ಕೂತಿದ್ದರು. ಓಣಿಯ ಹೆಂಗಸರು ಬಾಗಿಲ ತುಂಬ ನಿಂತಿದ್ದರು, ಖಾಲಾ ಕೂಡ ಬಂದಿದ್ದಳು. ನಾನು ಚಹಾದ ತಟ್ಟೆ ಹಿಡಿದು ಒಳಬಾಗಿಲಲ್ಲಿ ನಿಂತೆ. ಹುಡುಗಿ ಏನು ಓದಿದ್ದಾಳೆ ಎಂದು ಮಾವ ಕೇಳಿದ. ಅಪ್ಪ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಆಯಿ ಸೆರಗು ಹೊದ್ದು ಮುಂದೆ ಬಂದು ಕೂತಳು.

“ನಮ್ಮ ಹುಡುಗಿ ಅಂತಿಂಥಾಕಿ ಅಲ್ರಿ. ಇಡೀ ಕಾಲೇಜಿಗೇ ಫಸ್ಟ್ ಬಂದಾಳ,” ಎಂದಳು.

ದನಿ ಗಟ್ಟಿಯಾಗಿತ್ತು, ಬಾಗಿಲಲ್ಲಿದ್ದವರಿಗೂ ಕೇಳುವಷ್ಟು. ಯಾವ ವಿಷಯದಲ್ಲಿ ಎಷ್ಟು ಅಂಕ ಎನ್ನುವುದನ್ನು ಒಂದೂ ತಪ್ಪದೆ ಹೇಳಿದಳು. ಯಾದಗಿರಿಯ ಪರೀಕ್ಷೆಯಲ್ಲಿ ಆಯ್ಕೆಯಾದದ್ದು ಹೇಳಿದಳು. ಫೋನಿನಲ್ಲಿ ಪಟಪಟ ಇಂಗ್ಲಿಷ್ ಮಾತಾಡಿ ದೊಡ್ಡ ದೊಡ್ಡವರನ್ನು ನಗಿಸಿದ್ದಾಳೆ ಎಂದಳು. ಇಂಥ ಹುಡುಗಿ ಈ ಊರಲ್ಲಿ ಇನ್ನೊಬ್ಬಳಿಲ್ಲ, ನಾವು ಸಂತೋಷದಿಂದ ಕೊಡುತ್ತೇವೆ ಎಂದಳು. ಕೊಡುವ ಹೆಣ್ಣನ್ನು ಹೊಗಳಿಯೇ ಕೊಡಬೇಕು, ಆಕೆಯ ಪ್ರಕಾರ ಅಲ್ಲಿ ಹೆದರಿಕೆಯಿಲ್ಲ. ಮೇಡಂ ಅವರ ಮೇಜಿನ ಮುಂದೆ ಬೇಕಾಗಿದ್ದ ಮಾತೆಲ್ಲ ಆಕೆಯೊಳಗೆ ಇತ್ತು, ಅದಕ್ಕಿಂತ ಹೆಚ್ಚೇ ಇತ್ತು. ಖಾಲಾ ನನ್ನ ಕಡೆ ನೋಡಿ ಕಣ್ಣು ಕೆಳಗೆ ಹಾಕಿದಳು.

ಹುಡುಗನ ತಾಯಿ ತಿಳಿವಳಿಕೆಯ ಹೆಂಗಸು. ಎಲ್ಲವನ್ನೂ ಕೇಳಿ, “ಇಷ್ಟು ಶಾಣ್ಯಾ ಹುಡುಗಿಗಿ ಮುಂದ ಯಾಕ ಓದಸಲಿಲ್ರಿ ಯವ್ವಾ?” ಎಂದು ಕೇಳಿದರು.

ಅಪ್ಪ ಜಮಖಾನೆಯ ಅಂಚು ನೋಡುತ್ತ ಕೂತ. ಆಯಿ ಒಂದು ಚಣವೂ ತಡೆಯಲಿಲ್ಲ.

“ನಮಗ ಮನಸ್ಸಿತ್ತರಿ. ಆಕಿ ನಸೀಬದಾಗ ಇರಲಿಲ್ಲ.”

ನಾನು ಒಳಬಾಗಿಲು ದಾಟಿ ಮುಂದೆ ಬರಲಿಲ್ಲ. ಅವ್ವ ಎದ್ದು ಬಂದು ತಟ್ಟೆಯನ್ನು ನನ್ನಿಂದ ತೆಗೆದುಕೊಂಡು, ಎಲ್ಲರಿಗೂ ಚಹಾ ಕೊಟ್ಟಳು.